ಹೋಖ್‌ಸ್ಟ್ರಾಟೆನ್ ಚಿತ್ರದ ಕಾಪಿ: ವೆಬ್‌ಸೈಟಿಂದು ವಾಸಿನಾ, ಹಾರ್ಲೆಮ್ ಪೇಂಟರ್‌ದು ವಾಸಿನಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ನೆದರ್ಲೆಂಡ್ಸ್‌ನ ಹಾರ್ಲೆಮ್ ಊರಿನ ಪೇಂಟರಮ್ಮಂಗೆ. ಚೀನಾ ಕಡೆಯ ಒಂದು ವೆಬ್‌ಸೈಟಿಂದ ತರಿಸಿದ ಕಾಪಿ ಈಗ ಸ್ಟೋರ್ ರೂಮಲ್ಲಿ ಗೋಡೆಗೆ ಮುಖ ಮಾಡ್ಕೊಂಡು ನಿಂತಿದೆ. ಎರಡೂ ಒಂದೇ ಚಿತ್ರ, ಎರಡೂ ಕೈಯಲ್ಲೇ ಬರೆದಿದ್ದು, ಎರಡೂ ಆಯಿಲ್, ಆದ್ರೂ ಅಜಗಜಾಂತರ.

ಚಿತ್ರ ಯಾವುದಪ್ಪಾ ಅಂದ್ರೆ 17ನೇ ಶತಮಾನದ ಡಚ್ ಪೇಂಟರ್ ಸಾಮುಯೆಲ್ ಫಾನ್ ಹೋಖ್‌ಸ್ಟ್ರಾಟೆನ್ ಬರೆದ, ಕಾಗದ ಪತ್ರ ಸಿಕ್ಕಿಸಿಡೋ ಹಲಗೆಯ ಚಿತ್ರ, ನೋಡಿದವರು ನಿಜವಾದ ಹಲಗೆ ಅಂತಾನೇ ಮೋಸ ಹೋಗ್ಬೇಕು, ಅಂಥದ್ದು. ಡೋರ್ಡ್ರೆಖ್ಟ್ ಊರಿನವನು, ರೆಂಬ್ರಾಂಟ್ ಹತ್ರ ಕಲಿತವನು. ಮೂಲ ಚಿತ್ರ ಜರ್ಮನಿಯ ಕಾರ್ಲ್ಸ್‌ರೂಹೆ ಮ್ಯೂಸಿಯಂನಲ್ಲಿದೆ. ಹಲಗೆಗೆ ಅಡ್ಡಡ್ಡ ಪಟ್ಟಿ ಹೊಡೆದು ಅದರ ಸಂದೀಲಿ ಕನ್ನಡಕ, ಬಾಚಣಿಗೆ, ಅರಗಿನ ಕಡ್ಡಿ, ಗರಿ ಲೇಖನಿ, ತಾನೇ ಬರೆದ ನಾಟಕದ ಪುಸ್ತಕ ಎಲ್ಲಾ ಸಿಕ್ಕಿಸಿಟ್ಟ ಹಾಗಿದೆ. ಜೊತೆಗೊಂದು ಚಿನ್ನದ ಪದಕ, 1651ರಲ್ಲಿ ವಿಯೆನ್ನಾದಲ್ಲಿ ಚಕ್ರವರ್ತಿ ಮೂರನೇ ಫರ್ಡಿನಾಂಡ್ ಕೊಟ್ಟಿದ್ದು, ಅದನ್ನ ಊರಿಗೆಲ್ಲಾ ತೋರಿಸ್ಕೊಳ್ಳೋಕೆ ಅಂತಾನೇ ಬರೆದಿದಾನೆ ಬಿಡಿ. ಇವನ ಚಿತ್ರ ನೋಡಿ ನಿಜವಾದ ವಸ್ತು ಅಂತ ಬೇಸ್ತು ಬಿದ್ದ ಚಕ್ರವರ್ತಿ, ನನಗೇ ಮೋಸ ಮಾಡಿದ್ದಕ್ಕೆ ಇದೇ ಶಿಕ್ಷೆ ಅಂತ ಚಿತ್ರಾನೇ ಇಟ್ಕೊಂಡ್ಬಿಟ್ಟ ಅಂತ ಒಂದು ಕಥೆ ಇದೆ.

ಈಗ ನನ್ನ ತಲೆನೋವಿಗೆ ಬರ್ತೀನಿ. ಮೂಲದ ಅಳತೆ 63 x 79 ಸೆಂ.ಮೀ. ಆರ್ಡರ್ ಹಾಕುವಾಗ್ಲೇ ಅಳತೆ ಬರೆದು, ಒಂದು ಸೆಂಟಿಮೀಟರೂ ಆಚೆ ಈಚೆ ಆಗ್ಬಾರ್ದು ಅಂತ ಮೆಸೇಜ್ ಬೇರೆ ಹಾಕಿದ್ದೆ, ಅವರೂ ಓಕೆ ಸರ್ ಅಂದಿದ್ರು. ಬಂದಿದ್ದು 80 x 100! ಕೇಳಿದ್ರೆ ಅವರ ಹತ್ರ ಕ್ಯಾನ್ವಾಸ್ ಬರೋದೇ ಆ ಸೈಜಲ್ಲಂತೆ, ಉದ್ದ ಅಗಲದ ಲೆಕ್ಕ ಹೊಂದುತ್ತಲ್ಲ ಅಂತ ಅದಕ್ಕೇ ಏರಿಸಿದ್ರಂತೆ, ಅದೇ ರೇಟಿಗೆ ದೊಡ್ಡದು ಕಳಿಸಿದೀವಿ ಖುಷಿ ಪಡಿ ಅನ್ನೋ ಥರ ಉತ್ತರ.

ಬೇರೆ ಯಾವ ಚಿತ್ರ ಆಗಿದ್ರೂ ನಾನೂ ಸುಮ್ನಿರ್ತಿದ್ದೆ. ಹೂಕುಂಡದ ಚಿತ್ರ ಕಾಲು ಭಾಗ ದೊಡ್ಡದಾದ್ರೆ ಯಾರಿಗೇನು ನಷ್ಟ? ಆದ್ರೆ ಕಣ್ಣಿಗೆ ಮಂಕುಬೂದಿ ಎರಚೋ ಇಂಥ ಚಿತ್ರದ ಆಟ ಇಡೀ ನಿಂತಿರೋದೇ ಅಳತೆ ಮೇಲೆ. ವಸ್ತುಗಳು ನಿಜವಾಗಿ ಎಷ್ಟಿರುತ್ತೋ ಅಷ್ಟೇ ಇರ್ಬೇಕು. ಡಚ್ಚರು ಇದಕ್ಕೆ ಹಲಗೆ, ಗೋಡೆಗೂಡು, ಪರದೆ ಇಂಥವನ್ನೇ ಆರಿಸ್ಕೊಂಡಿದ್ದು ಯಾಕಂದ್ರೆ ಅವುಗಳಲ್ಲಿ ಆಳ ಜಾಸ್ತಿ ಇಲ್ಲ, ಕಾಗದ ಗೋಡೆಗೆ ಅಂಟ್ಕೊಂಡೇ ಇರುತ್ತೆ, ನೋಡೋನು ಎಡಕ್ಕೆ ಬಲಕ್ಕೆ ಸರಿದ್ರೂ ಗುಟ್ಟು ಬೇಗ ರಟ್ಟಾಗಲ್ಲ. ಅಷ್ಟೆಲ್ಲಾ ಲೆಕ್ಕ ಹಾಕಿ ಬರೆದಿದ್ದನ್ನ ಹಿಗ್ಗಿಸಿದ್ರೆ? ನನ್ನ ಓದೋ ಕನ್ನಡಕ ತೆಗೆದು ಆ ಚಿತ್ರದ ಕನ್ನಡಕದ ಪಕ್ಕ ಹಿಡಿದೆ, ನಂದು ಮಗುವಿನ ಕನ್ನಡಕದ ಥರ ಕಾಣ್ತು. ಬಾಚಣಿಗೆಯಂತೂ ಕೇಳ್ಬೇಡಿ, ಯಾವ ರಾಕ್ಷಸನ ತಲೆಗೋ. ಕಣ್ಣಿಗೆ ತಕ್ಷಣ ಏನು ತಪ್ಪು ಅಂತ ಗೊತ್ತಾಗಲ್ಲ, ಆದ್ರೆ ಒಬ್ಬರೂ ಒಂದು ಕ್ಷಣಕ್ಕೂ ಮೋಸ ಹೋಗ್ಲಿಲ್ಲ, ಓ ಪೇಂಟಿಂಗಾ ಚೆನ್ನಾಗಿದೆ ಅಂದ್ಕೊಂಡು ಒಳಗೆ ಹೋದ್ರು.

ಮೇಲಿಂದ ವಾರ್ನಿಶ್ ಬೇರೆ, ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ ಮಿರಮಿರ ಅಂತಿದೆ, ಲೈಟ್ ಹಾಕಿದ್ರೆ ಬಲ್ಬ್ ಅದರಲ್ಲೇ ಕಾಣುತ್ತೆ. ಕಾಗದದ ಮೇಲಿನ ಅಕ್ಷರ ಬರೀ ಗೀಚು. ಕ್ಯಾನ್ವಾಸಿನ ನೇಯ್ಗೆ ಎದ್ದು ಕಾಣುತ್ತೆ. ಬಣ್ಣ ಮಾತ್ರ ತಪ್ಪು ಹೇಳೋ ಹಾಗಿಲ್ಲ, ಅದೊಂದರಲ್ಲಿ ಅವರ ಕೈ ಪಳಗಿದೆ.

ಹಾರ್ಲೆಮ್‌ನವರು ಫೋನಲ್ಲಿ ಮೊದಲು ಕೇಳಿದ್ದೇ ಎಲ್ಲಿ ಹಾಕ್ತೀರಿ, ಕಿಟಕಿ ಯಾವ ಕಡೆ ಇದೆ ಅಂತ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಬೆಳಕು ಎಡಗಡೆಯಿಂದ ಬೀಳುತ್ತೆ, ಹಾಗಾಗಿ ಕಿಟಕಿಯೂ ಎಡಕ್ಕೇ ಇರೋ ಗೋಡೆ ಆರಿಸಿ, ಇಲ್ಲಾಂದ್ರೆ ಮನೆ ನೆರಳು ಒಂದು ಕಡೆ ಚಿತ್ರದ ನೆರಳು ಇನ್ನೊಂದು ಕಡೆ ಬೀಳುತ್ತೆ ಅಂದ್ರು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ಪ್ರೈಮರ್ ಹೊಡೆದು, ಸ್ಯಾಂಡ್‌ಪೇಪರ್ ಉಜ್ಜಿ ನುಣ್ಣಗೆ ಮಾಡಿ, ಅದರ ಮೇಲೆ ಕರೆಕ್ಟಾಗಿ 63 x 79ಕ್ಕೇ ಬರೆದ್ರು. ಮ್ಯಾಟ್ ವಾರ್ನಿಶ್, ಫ್ರೇಮ್ ಬೇಡವೇ ಬೇಡ ಅಂದ್ರು. ಹಿಂದೆ ಕಾಪಿ ಅಂತ ದೊಡ್ಡದಾಗಿ ಬರೆದಿದಾರೆ, ಸರಿನೇ. ಪದಕದ ಚಿನ್ನ ಸ್ವಲ್ಪ ಮಂಕು. ಆಯಿಲ್ ಒಣಗ್ಬೇಕು ಅಂತ ತಿಂಗಳುಗಟ್ಟಲೆ ಕಾಯ್ಸಿದ್ರು, ಅರ್ಜೆಂಟ್ ಅಂದ್ರೆ ಫೋನೇ ಎತ್ತಲ್ಲ. ಆದ್ರೆ ಬಾಗಿಲ ಪಕ್ಕ ನೇತು ಹಾಕಿದ ಮೇಲೆ ಕೊರಿಯರ್ ಹುಡುಗ ಆ ಅರಗಿನ ಕಡ್ಡಿ ಕೀಳೋಕೆ ಕೈ ಹಾಕಿದ ನೋಡಿ, ಕೊಟ್ಟ ದುಡ್ಡು ಅಲ್ಲೇ ವಸೂಲು.

ದುಡ್ಡಿನ ವಿಷಯ: ವೆಬ್‌ಸೈಟಿಂದು ಟ್ಯಾಕ್ಸ್ ಎಲ್ಲಾ ಸೇರಿ 170 ಯೂರೋ, ಇವರದು 480. ಪ್ರಿಂಟ್ ಇನ್ನೂ ಅಗ್ಗ, ಆದ್ರೆ ಹತ್ರ ಹೋದ್ರೆ ಚುಕ್ಕಿ ಚುಕ್ಕಿ, ನನಗಾಗಲ್ಲ.

ನಾವಿರೋದು ಆಮ್‌ಸ್ಟಲ್‌ವೇನ್‌ನ ಬಾಡಿಗೆ ಮನೆ, ಗೋಡೆಗೆ ಜಾಸ್ತಿ ಮೊಳೆ ಹೊಡೆಯೋ ಹಾಗಿಲ್ಲ, ಇರೋ ಒಂದು ಮೊಳೆಗೆ ಒಳ್ಳೇದೇ ಬೇಕು ಅನ್ನೋ ಜಾತಿ ನಾನು. ಅಷ್ಟು ಬಜೆಟ್ ಇಲ್ಲ ಅನ್ನೋರು ಅದೇ ಕಾಲದ ಡಚ್ ಪೇಂಟರ್ ಕಾರೆಲ್ ಫಾಬ್ರಿಟಿಯಸ್‌ನ 1654ರ ಹಕ್ಕಿ ಚಿತ್ರ ಮಾಡಿಸಿ, ಮೂಲವೇ 33.5 x 22.8 ಸೆಂ.ಮೀ, ಹೇಗ್‌ನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಹೋಗಿ ನೋಡ್ಬಹುದು. ಅದರಲ್ಲಿ ಬ್ರಷ್ಷಿನ ಗೆರೆ ಮೂಲದಲ್ಲೇ ಕಾಣುತ್ತೆ, ಹಾಗಾಗಿ ಕಾಪಿ ಮಾಡೋರ ಕೈ ಸ್ವಲ್ಪ ಒರಟಾದ್ರೂ ನಡೆಯುತ್ತೆ. ಆದ್ರೆ ಅಳತೆ ಮಾತ್ರ ಟೇಪ್ ಹಿಡಿದ ಫೋಟೋ ಕಳಿಸಿ ಅಂತ ಕೇಳಿ, ಬಾಕಿ ದುಡ್ಡು ಆಮೇಲೆ.

ಅಂದಹಾಗೆ ಆ 80 x 100ದು ಯಾರಿಗಾದ್ರೂ ಬೇಕಿದ್ರೆ ಹೇಳಿ, ಸೋಫಾ ಮೇಲೆ ದೂರದಿಂದ ನೋಡೋಕೆ ಪರವಾಗಿಲ್ಲ. ಫ್ರೀ, ಆದ್ರೆ ಬಂದು ಎತ್ಕೊಂಡು ಹೋಗೋ ಜವಾಬ್ದಾರಿ ನಿಮ್ಮದು, ಟ್ರಾಮಲ್ಲಿ ಹಿಡ್ಕೊಂಡು ಹೋಗೋ ಸೈಜಲ್ಲ ಅದು.