ಮೂರು ವಾರದ ಜರ್ಮನಿನಾ, ಐದು ದಿನದ ಹಾಲೆಂಡಾ: ಎರಡಕ್ಕೂ ಹೋಗ್ಬಂದವನ ಲೆಕ್ಕ

ಜೂನಿಯರ್‌ಗಳು ಕ್ಯಾಂಟೀನಲ್ಲಿ ಸಿಕ್ಕಾಗೆಲ್ಲ ಇದನ್ನೇ ಕೇಳ್ತಾರೆ, ಅಣ್ಣಾ ಯುರೋಪಿಗೆ ಸಮ್ಮರ್ ಸ್ಕೂಲಿಗೆ ಹೋಗೋದಾ ಇಲ್ಲ ಬಿಐಪಿಗೆ (ಅರ್ಧ ಆನ್‌ಲೈನ್, ಅರ್ಧ ಅಲ್ಲಿಗೇ ಹೋಗಿ ಮಾಡೋ ಚಿಕ್ಕ ಕೋರ್ಸು) ಹಾಕೋದಾ ಅಂತ. ಪ್ರತಿಯೊಬ್ರಿಗೂ ಒಂದೊಂದ್ ಟೀ ಟೈಮಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರ್ದು ಹಾಕ್ತಿದೀನಿ.

ನಾನು ಸಿವಿಲ್ ಇಂಜಿನಿಯರಿಂಗ್, ಕಾಲೇಜು ಬೆಂಗಳೂರಿನ ಮೈಸೂರು ರೋಡ್ ಕಡೆ, ಅಂದ್ರೆ ಮೋರಿಯಾಗಿರೋ ವೃಷಭಾವತಿ ನದಿ ವಾಸನೆ ನಮಗೆ ಅಟೆಂಡೆನ್ಸ್ ಥರ, ದಿನಾ ಬೆಳಗ್ಗೆ ಗ್ಯಾರಂಟಿ. 2024ರ ಆಗಸ್ಟಲ್ಲಿ ಜರ್ಮನಿಲಿ ಮೂರು ವಾರದ ಸಮ್ಮರ್ ಸ್ಕೂಲ್, 2025ರ ಮೇನಲ್ಲಿ ಹಾಲೆಂಡಲ್ಲಿ ಐದು ದಿನದ ಬಿಐಪಿ. ಎರಡೂ ನಮ್ಮ ಕಾಲೇಜು ಎಂಒಯು (ಒಪ್ಪಂದ) ಮಾಡ್ಕೊಂಡಿರೋ ಯೂನಿವರ್ಸಿಟಿಗಳೇ, ಎರಡೂ ನೀರಿನ ವಿಷ್ಯಾನೇ, ಆದ್ರೂ ಒಂದಕ್ಕೊಂದು ಸಂಬಂಧಾನೇ ಇಲ್ಲ. ಯೂನಿವರ್ಸಿಟಿ ಹೆಸ್ರು ಬೇಡ, ಬೈಯೋದೂ ಸ್ವಲ್ಪ ಇದೆ.

ಬಿಐಪಿ ಅಂದ್ರೆ ಬ್ಲೆಂಡೆಡ್ ಇಂಟೆನ್ಸಿವ್ ಪ್ರೋಗ್ರಾಮ್, ಎರಾಸ್ಮಸ್ ಪ್ಲಸ್ ಅನ್ನೋ ಯುರೋಪಿಯನ್ ಯೂನಿಯನ್‌ನ ಸ್ಟೂಡೆಂಟ್ ಸ್ಕೀಮ್ ಒಳಗಡೆ ಬರುತ್ತೆ. ಕನಿಷ್ಠ ಮೂರು ದೇಶದ ಮೂರು ಯೂನಿವರ್ಸಿಟಿ ಸೇರಿ ನಡೆಸ್ಬೇಕು, ಅಲ್ಲಿಗೆ ಹೋಗಿ ಇರೋದು 5ರಿಂದ 30 ದಿನ, ಆನ್‌ಲೈನ್ ಭಾಗ ಇರ್ಲೇಬೇಕು, ಕನಿಷ್ಠ 3 ಇಸಿಟಿಎಸ್ (ಯುರೋಪಿನ ಕಾಲೇಜು ಕ್ರೆಡಿಟ್ ಲೆಕ್ಕ) ಕ್ರೆಡಿಟ್ ಕೊಡ್ಬೇಕು. ಒಂದು ಇಸಿಟಿಎಸ್ ಅಂದ್ರೆ 25ರಿಂದ 30 ಗಂಟೆ ಕೆಲ್ಸ, ಸೋ ಐದು ದಿನ ತಾನೇ ಅಂತ ಹೋದ್ರೆ 75 ಗಂಟೆ ಹಿಂಡಿ ಕಳಿಸ್ತಾರೆ. ಸಮ್ಮರ್ ಸ್ಕೂಲಿಗೆ ಈ ಥರ ಒಂದೇ ರೂಲು ಅಂತ ಇಲ್ಲ, ಅವ್ರವ್ರ ಯೂನಿವರ್ಸಿಟಿ, ಅವ್ರವ್ರ ಫೀಸು.

ಮೊದಲು ದುಡ್ಡಿನ ವಿಷ್ಯ ಮುಗಿಸಿಬಿಡ್ತೀನಿ. ಜರ್ಮನಿಗೆ ಕೋರ್ಸ್ ಫೀಸು, ಹಾಸ್ಟೆಲ್, ಟಿಕೆಟ್, ವೀಸಾ, ತಿನ್ನೋದು ಎಲ್ಲ ಸೇರಿ ಎರಡೂವರೆ ಲಕ್ಷ ಹತ್ರ ಹೋಯ್ತು. ಹಾಲೆಂಡಿಗೆ ಕೋರ್ಸ್ ಫೀಸೇ ಇರ್ಲಿಲ್ಲ, ಒಂದೂವರೆ ಲಕ್ಷದೊಳಗೆ ಆಯ್ತು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಟಿಕೆಟ್ಟೇ. ಆದ್ರೆ ದಿನದ ಲೆಕ್ಕ ಹಾಕಿದ್ರೆ ಹಾಲೆಂಡೇ ಕಾಸ್ಟ್ಲಿ, ಐದು ದಿನಕ್ಕೋಸ್ಕರ ಅಷ್ಟು ದೂರ ಹಾರ್ಕೊಂಡು ಹೋಗ್ಬೇಕಾ ಅಂತ ನಮ್ಮಜ್ಜಿ ಕೇಳಿದ್ದು, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ. ಇನ್ನೊಂದು ಉರಿ ಏನಂದ್ರೆ ಅಲ್ಲಿ ನನ್ ಜೊತೆ ಟೀಮಲ್ಲಿದ್ದ, ಯುರೋಪಿನ ಬೇರೆ ದೇಶಗಳಿಂದ ಬಂದವ್ರಿಗೆಲ್ಲ ಎರಾಸ್ಮಸ್ ಗ್ರಾಂಟ್ ಬಂದಿತ್ತು, ನಾನು ಅಪ್ಪನ ಎಫ್‌ಡಿ ಮುರಿಸಿ ಹೋಗಿದ್ದೆ.

ವೀಸಾ ಎರಡಕ್ಕೂ ಒಂದೇ ಥರ, ಶೆಂಗೆನ್ ಅಂತ, ಯುರೋಪಿನ ಸುಮಾರು ದೇಶಕ್ಕೆ ಒಂದೇ ವೀಸಾ, 180 ದಿನದಲ್ಲಿ 90 ದಿನ ಇರಬಹುದು. 2024ರ ಜೂನ್ 11ಕ್ಕೆ ಫೀಸು 80 ಯೂರೋ ಇದ್ದಿದ್ದು 90 ಆಯ್ತು, ನಾವು ಸರಿಯಾಗಿ ಅದಾಗಿ ಒಂದು ವಾರಕ್ಕೆ ಅಪ್ಲೈ ಮಾಡೋಕೆ ಹೋದ್ವಿ, ನಮ್ ಹಣೆಬರಹ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಒಂದ್ಸಲ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತೆ, ಎರಡನೇ ಸಲ ಆ ಕೆಲ್ಸ ಇರ್ಲಿಲ್ಲ. ಬೇಸಿಗೆಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಆರು ತಿಂಗಳು ಮುಂಚೆನೇ ಅಪ್ಲೈ ಮಾಡಬಹುದು, ಕಾಲೇಜಿಂದ ಲೆಟರ್ ಬರ್ಲಿ ಆಮೇಲೆ ನೋಡೋಣ ಅಂತ ಕೂತ್ರೆ ಕೂತೇ ಇರ್ತೀರ.

ಈಗ ಜರ್ಮನಿ. ರೂರ್ ಅನ್ನೋ ಹಳೇ ಗಣಿ-ಕಾರ್ಖಾನೆ ಪ್ರದೇಶ, ಡಾರ್ಟ್‌ಮಂಡ್ ಊರಿನ ಹತ್ರ. ಕ್ಲಾಸ್‌ಗಿಂತ ಸೈಟ್ ವಿಸಿಟ್ ಜಾಸ್ತಿ, ಎಲ್ಲಾ ಎಮ್ಶರ್ ಅನ್ನೋ ನದಿ ಸುತ್ತಾನೇ. ನಮ್ಮ ವೃಷಭಾವತಿಗೆ ಜರ್ಮನಿಲಿ ಅಣ್ಣ ಇದ್ದ ಅಂತ ಗೊತ್ತೇ ಇರ್ಲಿಲ್ಲ ನಂಗೆ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಅದು ತೆರೆದ ಮೋರಿನೇ, ಕಾಂಕ್ರೀಟ್ ಚಾನೆಲ್ಲಲ್ಲಿ ಊರಿನ ಕೊಳಚೆ ಎಲ್ಲ ಹರೀತಿತ್ತು, ಅಲ್ಲಿನ ಜನ ಅಂಥ ಹಳ್ಳಕ್ಕೆ ಕೊಟಲ್‌ಬೆಕೆ ಅಂತಿದ್ರಂತೆ, ನಮ್ ಭಾಷೇಲಿ ಹಿಕ್ಕೆಹಳ್ಳ ಅನ್ಕೊಳಿ. ಯಾಕೆ ಪೈಪ್ ಹಾಕ್ಲಿಲ್ಲ ಅಂದ್ರೆ ಕೆಳಗಡೆ ಕಲ್ಲಿದ್ದಲು ಗಣಿ, ನೆಲ ಕುಸೀತಾ ಇತ್ತು, ಭೂಮಿ ಒಳಗೆ ಪೈಪ್ ಹಾಕಿದ್ರೆ ಒಡ್ದೋಗ್ತಿತ್ತು. ಗಣಿ ಅಲ್ಲಿಂದ ಜಾಗ ಬಿಟ್ಮೇಲೆ 1992ರಿಂದ ಶುರು ಮಾಡಿ ಸುಮಾರು 51 ಕಿಲೋಮೀಟರ್ ದೊಡ್ಡ ಒಳಚರಂಡಿ ಕಟ್ಟಿದ್ರು, 500 ಕೋಟಿ ಯೂರೋಗಿಂತ ಜಾಸ್ತಿ ಖರ್ಚು, 2021ರ ಕೊನೆಗೆ ನದಿಗೆ ಕೊಳಚೆ ಬೀಳೋದು ನಿಂತಿದೆ. ನಾನು ಆ ದಂಡೆ ಮೇಲೆ ನಿಂತ್ಕೊಂಡು ಮೂಗು ಎಳ್ದು ಎಳ್ದು ನೋಡ್ದೆ, ಏನೂ ವಾಸನೆ ಇಲ್ಲ, ಬರೀ ಹುಲ್ಲು. ಗೈಡ್ ಮಾಡ್ತಿದ್ದ ಮೇಡಂ ನೆಗಡಿನಾ ಅಂತ ಕೇಳಿದ್ರು.

ಇನ್ನೊಂದು ದಿನ ಫೀನಿಕ್ಸ್ ಜೇ ಅನ್ನೋ ಕೆರೆಗೆ ಕರ್ಕೊಂಡ್ ಹೋದ್ರು. ಅದು ಮೊದಲು ಉಕ್ಕಿನ ಕಾರ್ಖಾನೆ ಇದ್ದ ಜಾಗ, ಕಾರ್ಖಾನೆ ಬಿಚ್ಚಿ ಚೀನಾಕ್ಕೆ ಸಾಗಿಸಿ, ನೆಲ ಅಗ್ದು, 2010ರಲ್ಲಿ ನೀರು ಬಿಟ್ಟು ಕೆರೆ ಮಾಡಿದಾರೆ, 24 ಹೆಕ್ಟೇರ್. ನಾವು ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದ್ವಿ, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ, ಇವ್ರು ಉಲ್ಟಾ ಹೊಡ್ದಿದಾರೆ. ಜೊತೆಗಿದ್ದ ನಮ್ ಕ್ಲಾಸಿನವ್ನು ಇದನ್ನ ನೋಡ್ಬಿಟ್ಟು, ಮಗಾ ಇದ್ರ ಸುತ್ತ ಸೈಟ್ ರೇಟ್ ಎಷ್ಟಿರಬಹುದು ಅಂದ. ಬೆಂಗಳೂರು ಬುದ್ಧಿ ಎಲ್ಲಿ ಹೋಗುತ್ತೆ.

ಇಷ್ಟೆಲ್ಲ ನೋಡಿದ್ದು ಮೂರು ವಾರ ಇದ್ದಿದ್ದಕ್ಕೇ, ಐದು ದಿನದಲ್ಲಿ ಇದಾಗಲ್ಲ. ಆದ್ರೆ ಮೈನಸ್ ಏನು ಗೊತ್ತಾ, ಇಪ್ಪತ್ತೆಂಟು ಜನದಲ್ಲಿ ಹನ್ನೊಂದು ಜನ ನಮ್ಮ ದೇಶದವ್ರೇ, ಅದ್ರಲ್ಲಿ ಆರು ಜನ ಬೆಂಗಳೂರು. ಮೂರನೇ ದಿನಕ್ಕೇ ಹಾಸ್ಟೆಲ್ ಕಿಚನ್ನು ನಮ್ದೇ ಆಗೋಯ್ತು, ಎಂಟಿಆರ್ ಪುಳಿಯೋಗರೆ ಪುಡಿ, ಕುಕ್ಕರ್ ಇಲ್ದೆ ಪಾತ್ರೇಲಿ ಅನ್ನ, ಭಾನುವಾರ ಅಂಗಡಿ ಎಲ್ಲ ಬಂದ್ ಅಂತ ಗೊತ್ತಿಲ್ದೆ ಮೊದಲ್ನೇ ಭಾನುವಾರ ಬರೀ ಚಟ್ನಿಪುಡಿ ಬ್ರೆಡ್ಡು. ಮಜಾ ಬಂತು, ಸುಳ್ಳು ಹೇಳಲ್ಲ, ಆದ್ರೆ ಮೂರು ವಾರದಲ್ಲಿ ನಾನು ಜರ್ಮನಿಯವ್ರ ಜೊತೆ ಪ್ರೊಫೆಸರ್‌ಗಳನ್ನ ಬಿಟ್ರೆ ಅರ್ಧ ಗಂಟೆ ಮಾತಾಡಿಲ್ಲ. ಅಲ್ಲಿನ ಸ್ಟೂಡೆಂಟ್ಸ್‌ಗೆ ಆಗ ರಜ, ಕ್ಯಾಂಪಸ್ ಖಾಲಿ. ಅಸೈನ್‌ಮೆಂಟೂ ಕೊನೇ ದಿನ ಒಂದು ಪಿಪಿಟಿ ಅಷ್ಟೆ, ಎಲ್ರೂ ಪಾಸ್. ಸರ್ಟಿಫಿಕೇಟಲ್ಲಿ 5 ಇಸಿಟಿಎಸ್ ಅಂತ ದಪ್ಪಗೆ ಬರ್ದಿದ್ರು, ನಮ್ ಕಡೆ ಅದನ್ನ ಕ್ರೆಡಿಟ್ ಆಗಿ ತಗೊಳ್ಳೋಕೆ ಮುಂಚೆನೇ ಮಾತಾಗ್ಬೇಕಿತ್ತಂತೆ, ಸೋ ಅದು ರೆಸ್ಯುಮೆಲಿ ಒಂದು ಲೈನ್ ಆಗಿ ಕೂತಿದೆ.

ಹಾಲೆಂಡ್ ಶುರುವಾಗಿದ್ದು ನನ್ ರೂಮಲ್ಲೇ. ಮಾರ್ಚಿಂದ ಪ್ರತಿ ಗುರುವಾರ ಆನ್‌ಲೈನ್, ಅವ್ರಿಗೆ ಬೆಳಗ್ಗೆ ಹತ್ತು ಗಂಟೆ, ನಮಗೆ ಮಧ್ಯಾಹ್ನ ಎರಡೂವರೆ, ಅಂದ್ರೆ ಸರಿಯಾಗಿ ಲ್ಯಾಬ್ ಟೈಮು. ಲ್ಯಾಬ್ ಸರ್ ಹತ್ರ ಕೈಕಾಲು ಹಿಡ್ದು ಬ್ಯಾಚ್ ಬದಲಾಯಿಸ್ಕೊಂಡೆ. ಮಾರ್ಚ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕ್ತಾರೆ ಅಂತ ಯಾರ್ ಹೇಳಿದ್ರು ನಂಗೆ, ಏಪ್ರಿಲ್ ಮೊದಲ್ನೇ ಗುರುವಾರ ನೀಟಾಗಿ ತಲೆ ಬಾಚ್ಕೊಂಡು ಎರಡೂವರೆಗೆ ಲಾಗಿನ್ ಆದ್ರೆ ಮೀಟಿಂಗ್ ಮುಗಿಯೋಕೆ ಬಂದಿತ್ತು.

ಟೀಮಲ್ಲಿ ಒಬ್ಬ ಪೋರ್ಚುಗಲ್, ಒಬ್ಳು ಜೆಕ್, ಒಬ್ಬ ಡಚ್, ನಾನು. ಎಲ್ರೂ ಅವರವರ ಊರಿನ ಪ್ರವಾಹದ ಕೇಸ್ ತರ್ಬೇಕಿತ್ತು, ನಾನು 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಮುಳುಗಿದ್ದು ಹಾಕ್ದೆ, ಐಟಿಯವ್ರು ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋಗೋ ಫೋಟೋ ನೋಡಿ ಎಲ್ರೂ ನಕ್ರು. ಡಚ್ ಹುಡುಗ ನಗ್ಲಿಲ್ಲ. ಸಮುದ್ರಕ್ಕಿಂತ 900 ಮೀಟರ್ ಮೇಲಿರೋ ಊರಲ್ಲಿ ನೀರು ಹೇಗೆ ನಿಲ್ಲುತ್ತೆ ಅಂದ, ಅವ್ನ ದೇಶದಲ್ಲಿ ಸಮುದ್ರ ಮಟ್ಟಕ್ಕಿಂತ ಆರೂವರೆ ಮೀಟರ್ ಕೆಳಗಿರೋ ಜಾಗ ಇದೆ, ಅಲ್ಲೂ ಕಾಲು ಒದ್ದೆಯಾಗಲ್ಲ. ನಾನು ರಾಜಕಾಲುವೆ ಒತ್ತುವರಿ, ಪ್ಲಾಸ್ಟಿಕ್ಕು, ರಾಜಕೀಯ ಅಂತ ಐದು ನಿಮಿಷ ಭಾಷಣ ಹೊಡ್ದೆ. ಅವ್ನು ಕೇಳಿದ್ದು ಒಂದೇ: ಗಂಟೆಗೆ ಎಷ್ಟು ಮಿಲಿಮೀಟರ್? ವರ್ಷದ ಮಳೆ ಗೊತ್ತಿತ್ತು ನಂಗೆ, ಗಂಟೆದು ಗೊತ್ತಿರ್ಲಿಲ್ಲ. ಮೂರು ವರ್ಷ ಸಿವಿಲ್ ಓದಿ, ಹೈಡ್ರಾಲಜಿ ಪಾಸ್ ಮಾಡಿ, ನನ್ ಊರಿನ ಗಂಟೆ ಮಳೆ ಗೊತ್ತಿಲ್ಲ. ಆ ರಾತ್ರಿ ಕೂತು ಹುಡುಕಿದೆ.

ಅಲ್ಲಿಗೆ ಹೋದ ವಾರ ಮೇ 19ರಿಂದ 23. ಬೆಂಗಳೂರಲ್ಲಿ ಇದ್ದವ್ರಿಗೆ ನೆನಪಿರುತ್ತೆ, 18ರ ರಾತ್ರಿ ಎಂಥಾ ಮಳೆ ಬಂತು ಅಂತ. ಸೋಮವಾರ ಮೊದಲ್ನೇ ಕ್ಲಾಸಿಗೆ ಕೂತಾಗ ಫೋನ್ ತುಂಬ ಸಾಯಿ ಲೇಔಟು, ಸಿಲ್ಕ್ ಬೋರ್ಡ್ ವಿಡಿಯೋ, ಅಮ್ಮ ಬೇರೆ ವಾಯ್ಸ್ ಮೆಸೇಜು, ನಮ್ ಬೀದಿಲೂ ನೀರು ಬಂದಿದೆ ಕಣೋ ಸ್ಕೂಟರ್ ಮೇಲಕ್ಕೆ ಹತ್ಸಿದೀವಿ ಅಂತ. ಕೆಂಗೇರಿಲಿ 130 ಮಿಲಿಮೀಟರ್ ದಾಟಿತ್ತು. ಪ್ರೊಫೆಸರ್‌ಗೆ ತೋರಿಸ್ದೆ, ಅವ್ರು ಅವತ್ತಿನ ಪ್ಲಾನ್ ಪಕ್ಕಕ್ಕಿಟ್ಟು ನಮ್ ಊರಿನ ಲೆಕ್ಕಾನೇ ಬೋರ್ಡ್ ಮೇಲೆ ಹಾಕಿಸಿದ್ರು. ರಾಟರ್‌ಡ್ಯಾಮಲ್ಲಿ ಬೆಂಥೆಮ್‌ಪ್ಲೇನ್ ಅಂತ ಒಂದು ಚೌಕ ಇದೆ, ಮಳೆ ಇಲ್ದಾಗ ಹುಡುಗ್ರು ಬಾಸ್ಕೆಟ್‌ಬಾಲ್ ಆಡೋ ಜಾಗ, ಮಳೆ ಬಂದ್ರೆ 17 ಲಕ್ಷ ಲೀಟರ್ ನೀರು ಹಿಡ್ದಿಡುತ್ತೆ. ಅಂಥದ್ದು ನಮ್ ಏರಿಯಾಗೆ ಎಷ್ಟು ಬೇಕಾಗುತ್ತೆ ಅಂತ ಲೆಕ್ಕ ಹಾಕಿದ್ವಿ, ಉತ್ತರ ನೋಡಿ ಜೆಕ್ ಹುಡುಗಿ ಕೆರೆನೇ ವಾಪಸ್ ತಗೊಂಡು ಬನ್ನಿ ಅಂದ್ಳು.

ಬುಧವಾರ ಮಾಸ್ಲಾಂಟ್‌ಕೆರಿಂಗ್, ಸಮುದ್ರದ ಬಾಗಿಲು. 360 ಮೀಟರ್ ಅಗಲದ ಕಾಲುವೆ ಮುಚ್ಚೋಕೆ 210 ಮೀಟರ್ ಉದ್ದದ ಎರಡು ಗೇಟು, ನೀರಿನ ಮಟ್ಟ ಏರಿದ್ರೆ ಕಂಪ್ಯೂಟರೇ ನಿರ್ಧಾರ ಮಾಡಿ ಮುಚ್ಚುತ್ತೆ, 2023ರ ಡಿಸೆಂಬರಲ್ಲಿ ಬಿರುಗಾಳಿಗೆ ಹಾಗೇ ಮುಚ್ಚಿತ್ತು. ನಾನು ಬಿಡ್ತೀನಾ, ನಮ್ ವಿಶ್ವೇಶ್ವರಯ್ಯನವ್ರು 1903ರಲ್ಲೇ ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿ ಆಟೋಮ್ಯಾಟಿಕ್ ಗೇಟ್ ಹಾಕಿದ್ರು, ಕಂಪ್ಯೂಟರ್ ಇಲ್ದೇನೇ ಅಂತ ಹೇಳ್ದೆ. ಡಚ್ ಹುಡುಗ ಡ್ರಾಯಿಂಗ್ ಇದ್ಯಾ ಅಂತ ಕೇಳ್ದ. ಇರ್ಲಿಲ್ಲ.

ಊರು ನೋಡೋದು ಅಂತೂ ಇಲ್ವೇ ಇಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳು, ಮಧ್ಯಾಹ್ನ ಊಟ ಅಂದ್ರೆ ತಣ್ಣಗಿರೋ ಬ್ರೆಡ್ಡು ಚೀಸು, ಬಿಸಿ ಅನ್ನೋದೇ ಇಲ್ಲ. ಆಮ್‌ಸ್ಟರ್‌ಡ್ಯಾಮ್ ನಾನು ನೋಡಿದ್ದು ಏರ್‌ಪೋರ್ಟ್ ಮಾತ್ರ. ಆದ್ರೆ ಕ್ರೆಡಿಟ್ ಬಂತು, ಯಾಕಂದ್ರೆ ಈ ಸಲ ಹೋಗೋಕೆ ಮುಂಚೆನೇ ಎಚ್‌ಒಡಿ ಹತ್ರ ಯಾವ ಸಬ್ಜೆಕ್ಟ್ ಬದಲು ಅಂತ ಬರಹದಲ್ಲಿ ತಗೊಂಡಿದ್ದೆ.

ಸೋ ಯಾವ್ದು? ಒಂದಕ್ಕೇ ದುಡ್ಡಿದ್ರೆ ನಾನು ಹಾಲೆಂಡಿನದ್ದೇ ಹೇಳ್ತೀನಿ, ಎರಡನೇ ಯೋಚ್ನೆ ಇಲ್ದೆ. ಜರ್ಮನಿಲಿ ನಾನು ನೋಡ್ಕೊಂಡು ಬಂದೆ, ಹಾಲೆಂಡಲ್ಲಿ ನನ್ನನ್ನ ಪ್ರಶ್ನೆ ಕೇಳಿದ್ರು. ಆದ್ರೆ ಎರಡನೇ ವರ್ಷದವ್ರು, ಇನ್ನೂ ಸಬ್ಜೆಕ್ಟ್ ಸರಿಯಾಗಿ ಗೊತ್ತಿಲ್ದವ್ರು ಬಿಐಪಿಗೆ ಹೋಗ್ಬೇಡಿ, ಟೀಮಿಗೆ ಭಾರ ಆಗ್ತೀರ, ಅಂಥವ್ರಿಗೆ ಸಮ್ಮರ್ ಸ್ಕೂಲೇ ವಾಸಿ. ಮತ್ತೆ ಬಿಐಪಿಗೆ ನೀವೇ ನೇರವಾಗಿ ಹಾಕೋಕಾಗಲ್ಲ, ಕಾಲೇಜಿಂದ ನಾಮಿನೇಟ್ ಮಾಡ್ಬೇಕು, ನಮ್ಮಲ್ಲಿ ಆ ನೋಟೀಸು ಬರೋದು ಇಂಟರ್‌ನ್ಯಾಷನಲ್ ಆಫೀಸ್ ಬಾಗಿಲಿಗೆ ಅಂಟಿಸಿರೋ ಎ4 ಹಾಳೇಲಿ, ಲಿಫ್ಟ್ ಪಕ್ಕ, ಮೇಲೆ ಫೆಸ್ಟ್ ಪೋಸ್ಟರ್ ಅಂಟಿಸಿರ್ತಾರೆ, ಸ್ವಲ್ಪ ಎತ್ತಿ ನೋಡಿ.