ಸೈಕಲ್ಲಿನ ಹಿಂದಿನ ರಿಫ್ಲೆಕ್ಟರ್ ಬಿಚ್ಚಿಸಬೇಡಿ, ನನಗೆ ಆಗಿದ್ದನ್ನು ಓದಿ

ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿ ಬರುವವರು, ಅದರಲ್ಲೂ ಕತ್ತಲಾದ ಮೇಲೆ ಮನೆ ಸೇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನಿರುವುದು ಮೈಸೂರು, ಕುವೆಂಪುನಗರ. ಕೆಲಸ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನಾಲ್ಕು ವರ್ಷದಿಂದ ಸೈಕಲ್ಲಿನಲ್ಲೇ ಓಡಾಟ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಹಿಂದೆ ಮುಂದೆ ಎರಡೂ ಸೇರಿ 180 ರೂಪಾಯಿಗೆ ಒಂದು ಜೋಡಿ ಲೈಟ್ ತೆಗೆದುಕೊಂಡೆ. ಹಿಂದಿನ ಲೈಟ್ ಕೂರಿಸಲು ಜಾಗ ಸಾಲದು ಅಂತ ಅಂಗಡಿ ಹುಡುಗ ಸೀಟಿನ ಕಂಬಿಯಲ್ಲಿದ್ದ ಕೆಂಪು ರಿಫ್ಲೆಕ್ಟರನ್ನು ಬಿಚ್ಚಿದ. "ಲೈಟೇ ಇದೆಯಲ್ಲ ಸರ್, ಇದು ಯಾಕೆ ಇನ್ನು" ಅಂದ. ನನಗೂ ಸರಿ ಅನ್ನಿಸಿತು. ಆ ರಿಫ್ಲೆಕ್ಟರ್ ಮನೆಯ ಸ್ಪ್ಯಾನರ್ ಡಬ್ಬಿ ಸೇರಿತು.

ದಸರಾ ಮುಗಿದು ಒಂದು ವಾರ ಆಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಕೆಲಸ ಮುಗಿಸಿ ಹೊರಟೆ, ಜಿಟಿಜಿಟಿ ಮಳೆ. ಗೇಟಿನ ಹತ್ತಿರ ಹಿಂದಿನ ಲೈಟ್ ಮಿನುಗುತ್ತಿರುವುದನ್ನು ನೋಡಿಯೇ ಸೈಕಲ್ ಹತ್ತಿದ್ದು. ಹಿನಕಲ್ ದಾಟಿ ಬೋಗಾದಿ ಕಡೆಗೆ ರಿಂಗ್ ರೋಡಿನಲ್ಲಿ ಬರುವಾಗ ಬೀದಿ ದೀಪ ಇರಲಿಲ್ಲ, ಒಂದು ಹಂಪ್ ಹತ್ತಿ ಇಳಿದೆ, ಆಮೇಲೆ ಒಂದೆರಡು ನಿಮಿಷಕ್ಕೆ ಹಿಂದಿನಿಂದ ಬೈಕ್ ಬಂದು ಗುದ್ದಿತು. ಎಡ ಭುಜದ ಮೇಲೆ ಬಿದ್ದೆ, ಕಾಲರ್ ಬೋನ್ ಮುರಿಯಿತು. ಗುದ್ದಿದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು, ಅಳುತ್ತಿದ್ದ. "ಅಣ್ಣಾ, ನೀವು ಕಾಣಿಸಲೇ ಇಲ್ಲ ಅಣ್ಣಾ" ಅಂತ ಅದೊಂದನ್ನೇ ಹೇಳುತ್ತಿದ್ದ. ಆಟೋ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ನಿಜ.

ಕೈಗೆ ಪಟ್ಟಿ ಹಾಕಿಕೊಂಡು ಮನೆಯಲ್ಲಿ ಕೂತಿದ್ದಾಗ ಆ ಲೈಟನ್ನು ತರಿಸಿ ನೋಡಿದೆ. ಒಡೆದಿರಲಿಲ್ಲ. ಬೆರಳಲ್ಲಿ ತಟ್ಟಿದರೆ ಹತ್ತುತ್ತಿತ್ತು, ಇನ್ನೊಂದು ಸಲ ತಟ್ಟಿದರೆ ಆರುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ನಾಣ್ಯದಂಥ ಎರಡು ಸೆಲ್ ಒಂದರ ಮೇಲೊಂದು, ಅದನ್ನು ಒತ್ತಿ ಹಿಡಿಯಲು ಉಗುರಿನಷ್ಟು ಅಗಲದ ತಗಡು. ತಗಡಿಗೆ ತುಕ್ಕು, ಮುಚ್ಚಳದ ಸಂದಿಯಲ್ಲಿ ನೀರು. ಹಂಪ್ ಹಾರಿದಾಗ ಸೆಲ್ ಸರಿದಿದೆ, ಲೈಟ್ ಹೋಗಿದೆ. ಮುಂದಿನ ಲೈಟ್ ಕೆಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತದೆ, ಹಿಂದಿನದು ಕೆಟ್ಟರೆ ಇಳಿದು ನೋಡುವವರೆಗೂ ಗೊತ್ತಾಗಲ್ಲ. ರಿಫ್ಲೆಕ್ಟರಾದರೂ ಇದ್ದಿದ್ದರೆ ಬೈಕಿನ ಹೆಡ್‌ಲೈಟಿಗೆ ಅದು ದೂರದಿಂದಲೇ ಕೆಂಪಗೆ ಹೊಳೆಯುತ್ತಿತ್ತು. ಅದಕ್ಕೆ ಸೆಲ್ ಬೇಡ, ಸ್ವಿಚ್ ಬೇಡ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಎರಡು ಮೂರು ಸೆಕೆಂಡ್ ಮೊದಲು ಕಂಡಿದ್ದರೂ ಅವನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ, ಅಲ್ವಾ?

ಲೈಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಲೈಟ್ ಬೇಕೇ ಬೇಕು. ಆದರೆ ಚಾರ್ಜ್ ಮಾಡುವಂಥದ್ದು, ಡಬ್ಬದ ಮೇಲೆ ಐಪಿಎಕ್ಸ್ 4 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ (4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯಬೇಕು). ಕೊಳ್ಳುವ ಮುಂಚೆ ಅಂಗೈಗೆ ನಾಲ್ಕು ಸಲ ಜೋರಾಗಿ ಬಡಿದು ನೋಡಿ. ಅಂಗಡಿಯವರು ಮುಖ ನೋಡಿದರೆ ನೋಡಲಿ. ರಿಫ್ಲೆಕ್ಟರನ್ನು ಮಾತ್ರ ಯಾರು ಹೇಳಿದರೂ ಬಿಚ್ಚಿಸಬೇಡಿ, ಜಾಗ ಇಲ್ಲದಿದ್ದರೆ ಮಡ್‌ಗಾರ್ಡಿಗೋ ಕ್ಯಾರಿಯರ್‌ಗೋ ಹಾಕಿಸಿ. ಪೆಡಲ್ಲಿನ ಹಳದಿ ರಿಫ್ಲೆಕ್ಟರುಗಳೂ ಇರಲಿ. ಅವು ಮೇಲೆ ಕೆಳಗೆ ಆಡುವುದರಿಂದ ಹಿಂದಿನವರಿಗೆ ಅದು ಸೈಕಲ್ ಅಂತ ಬೇಗ ತಿಳಿಯುತ್ತದೆ. ಇನ್ನೊಂದು, ಮಳೆಯಲ್ಲಿ ರೈನ್‌ಕೋಟಿನ ಅಂಚು ಜೋತುಬಿದ್ದು ಸೀಟಿನ ಹಿಂಭಾಗ ಪೂರ್ತಿ ಮುಚ್ಚಿಹೋಗುತ್ತದೆ, ಆಗ ಎಷ್ಟು ಒಳ್ಳೆಯ ಲೈಟ್ ಇದ್ದರೂ ಸುಮ್ನೆ.

ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದರೂ ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಒಳಗಿನ ಫೋಮ್ ಒಂದು ಸಲ ಅಮುಕಿತು ಅಂದರೆ ಎರಡನೇ ಪೆಟ್ಟು ತಡೆಯಲ್ಲ.

ವಾಪಸ್ ಕೆಲಸಕ್ಕೆ ಹೋದ ದಿನ ನಮ್ಮ ಸ್ಟ್ಯಾಂಡಿನಲ್ಲಿದ್ದ 14 ಸೈಕಲ್ಲುಗಳ ಹಿಂಭಾಗ ನೋಡುತ್ತಾ ಬಂದೆ. 5ಕ್ಕೆ ರಿಫ್ಲೆಕ್ಟರೇ ಇರಲಿಲ್ಲ. ಅದರಲ್ಲೊಂದು ರಾತ್ರಿ ಪಾಳಿಯ ಸೆಕ್ಯೂರಿಟಿ ಅಣ್ಣನದು. ಐದು ತಂದೆ, ಒಂದು ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದ ಕೆಲಸ. ಅಣ್ಣನದಕ್ಕೆ ಮೊದಲು ಹಾಕಿದೆ, ಇನ್ನೆರಡಕ್ಕೂ ಆಗಿದೆ. ಉಳಿದಿಬ್ಬರ ಪಾಳಿ ಬದಲಾಗಿ ಸಿಕ್ಕಿಲ್ಲ, ಸೋಮವಾರ ಹಿಡಿಯಬೇಕು.