ಒಂದು ಮುಗಿದ ಮೇಲೆ ಇನ್ನೊಂದು: ಫ್ರೀಫೈಲ್‌ಸಿಂಕ್ ಜೊತೆ ನಾಲ್ಕು ವರ್ಷ

ನನ್ನದು ಮಂಡ್ಯ. ಹೊಟ್ಟೆಪಾಡಿನ ಕೆಲಸ ಬೇರೆ ಇದೆ. ರಜೆ ಸಿಕ್ಕಾಗಲೆಲ್ಲ ರೆಕಾರ್ಡರ್ ಹಿಡಿದು ಊರೂರು ಸುತ್ತಿ ತಂಬೂರಿ ಪದ ದಾಖಲಿಸುತ್ತೇನೆ. ಮಳವಳ್ಳಿ ಕಡೆಯ ನೀಲಗಾರರು, ಅಂದರೆ ಮಂಟೇಸ್ವಾಮಿ ಪರಂಪರೆಯ ಹಾಡುಗಾರರು, ಅವರ ಕಥೆ ಎತ್ತಿಕೊಂಡರೆ, ರಾತ್ರಿ ಊಟ ಮುಗಿಸಿ ಕೂತವರು ಕೋಳಿ ಕೂಗೋವರೆಗೂ ಏಳುವುದಿಲ್ಲ. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೊ. ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ, ಒಂದು ರಾತ್ರಿಗೆ ಎಂಟು ಜಿಬಿ ಚಿಲ್ಲರೆ.

ಅದು ಮೊದಲು ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಬರಬೇಕು. ಲ್ಯಾಪ್‌ಟಾಪಿನಿಂದ ಮನೆಯ ಹಾರ್ಡ್ ಡಿಸ್ಕಿಗೆ. ಅಲ್ಲಿಂದ ಇನ್ನೊಂದು ಡಿಸ್ಕಿಗೆ, ನಕಲು ಮುಗಿದ ಮೇಲೆ ಅದು ಮೈಸೂರಿನಲ್ಲಿ ನಮ್ಮ ಅಕ್ಕನ ಮನೆಯ ಬೀರು ಸೇರುತ್ತದೆ. ಕೊನೆಗೆ ಫೋನಿನಲ್ಲಿ ತೆಗೆದ ಫೋಟೊ, ವಿಡಿಯೊ. ಒಟ್ಟು ನಾಲ್ಕು ಕೆಲಸ. ಇದಕ್ಕೆ ನಾನು ಬಳಸುವುದು ಫ್ರೀಫೈಲ್‌ಸಿಂಕ್, ಒಂದು ಕಡೆಯ ಫೈಲುಗಳನ್ನು ಇನ್ನೊಂದು ಕಡೆಗೆ ನಕಲು ಮಾಡಿ ಹೊಂದಿಸುವ ಸಾಫ್ಟ್‌ವೇರ್. ಫ್ರೀಫೈಲ್‌ಸಿಂಕ್ ಏನೇನು ಮಾಡುತ್ತದೆ ಅನ್ನೋದು ಎಲ್ಲ ಕಡೆ ಸಿಗುತ್ತದೆ. ನಾನು ಹೇಳಬೇಕಿರುವುದು ಈ ನಾಲ್ಕು ಕೆಲಸ ಸಾಲಾಗಿ ನಡೆಯುವ ಬಗ್ಗೆ.

ಇದಕ್ಕೆ ಮೊದಲು ದುಡ್ಡು ಕೊಟ್ಟು ಬೇರೊಂದು ಸಾಫ್ಟ್‌ವೇರ್ ಬಳಸುತ್ತಿದ್ದೆ. ಹೆಸರು ಬೇಡ. ಅದರಲ್ಲಿ ನಾಲ್ಕೂ ಕೆಲಸ ಗುರುತಿಸಿ ಗುಂಡಿ ಒತ್ತಿದರೆ ನಾಲ್ಕೂ ಒಟ್ಟಿಗೆ ಹೊರಡುತ್ತಿದ್ದವು. ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಫೈಲ್ ಇನ್ನೂ ಇಳಿಯುತ್ತಿರುವಾಗಲೇ ಎರಡನೇ ಕೆಲಸ ಲ್ಯಾಪ್‌ಟಾಪ್ ನೋಡಿ, ಅಷ್ಟು ಹೊತ್ತಿಗೆ ಬಂದಿದ್ದನ್ನು ಮಾತ್ರ ಡಿಸ್ಕಿಗೆ ಹಾಕಿ "ಮುಗಿಯಿತು" ಅನ್ನುತ್ತಿತ್ತು. ಅದರ ಲೆಕ್ಕದಲ್ಲಿ ಸುಳ್ಳಲ್ಲ. ಅದು ನೋಡಿದಾಗ ಅಷ್ಟೇ ಇತ್ತಲ್ವಾ?

ಒಂದು ಸಲ ನಾಲ್ಕೂ ಕಡೆ ಹಸಿರು ಟಿಕ್ ನೋಡಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಅದೇ ವಾರ ಲ್ಯಾಪ್‌ಟಾಪ್ ಕೆಟ್ಟಿತು. ಡಿಸ್ಕಿನಲ್ಲಿ ಎಂಟು ಗಂಟೆಯ ಪದದಲ್ಲಿ ಉಳಿದಿದ್ದು ಮೂರು ಗಂಟೆ. ಅವತ್ತು ಹಾಡಿದ ಹಿರಿಯರು ಬೆಳಗ್ಗೆ ತಂಬೂರಿ ಚೀಲಕ್ಕೆ ಹಾಕುತ್ತಾ "ಎಲ್ಲಾನೂ ಹಿಡ್ಕಂಡ್ಯಾ ಮಗಾ?" ಅಂತ ಕೇಳಿದ್ದರು. "ಹಿಡ್ಕಂಡೆ ತಾತಾ" ಅಂದಿದ್ದೆ. ಈಗ ಅವರಿಗೆ ಅಷ್ಟು ಹೊತ್ತು ಕೂತು ಹಾಡಲು ಆಗುವುದಿಲ್ಲ. ಆ ಐದು ಗಂಟೆ ಮತ್ತೆ ಸಿಗುವುದಿಲ್ಲ.

ಅದಕ್ಕೇ ಫ್ರೀಫೈಲ್‌ಸಿಂಕ್‌ಗೆ ಬಂದೆ. ಇದರಲ್ಲಿ ಒಂದೊಂದು ಕೆಲಸವನ್ನೂ ಬ್ಯಾಚ್ ಜಾಬ್ ಅಂತ ಬೇರೆ ಬೇರೆ ಉಳಿಸಿಕೊಳ್ಳಬಹುದು. ಆಮೇಲೆ ನೋಟ್‌ಪ್ಯಾಡಿನಲ್ಲಿ ಒಂದು ಬ್ಯಾಟ್ ಫೈಲ್ (ವಿಂಡೋಸ್ ಒಂದೊಂದೇ ಸಾಲು ಓದಿ ನಡೆಸುವ ಆದೇಶಗಳ ಪಟ್ಟಿ) ಮಾಡಿ ನಾಲ್ಕನ್ನೂ ಸಾಲಾಗಿ ಬರೆದರೆ ಆಯಿತು. ಮೊದಲನೆಯದು ಪೂರ್ತಿ ಮುಗಿಯುವವರೆಗೂ ವಿಂಡೋಸ್ ಎರಡನೇ ಸಾಲಿಗೆ ಹೋಗುವುದಿಲ್ಲ. ಪ್ರತಿ ಜಾಬೂ ಮುಗಿದಾಗ ಎರರ್ ಲೆವೆಲ್ ಅಂತ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ. 0 ಅಂದರೆ ಎಲ್ಲ ಸರಿ, 1 ಎಚ್ಚರಿಕೆ, 2 ತಪ್ಪು, 3 ಅಂದರೆ ಮಧ್ಯದಲ್ಲೇ ನಿಲ್ಲಿಸಿದ್ದು. ಎರಡು ಜಾಬುಗಳ ನಡುವೆ "ಎರರ್ ಲೆವೆಲ್ 2 ಅಥವಾ ಮೇಲಿದ್ದರೆ ಇಲ್ಲೇ ನಿಲ್ಲು" ಅಂತ ಒಂದು ಸಾಲು ಸೇರಿಸಿದ್ದೇನೆ. ಕಾರ್ಡ್ ಓದುವಾಗ ತೊಂದರೆ ಆದರೆ ಡಿಸ್ಕಿನ ಕೆಲಸ ಶುರುವೇ ಆಗುವುದಿಲ್ಲ. ನನಗೆ ಬೇಕಿದ್ದಿದ್ದು ಇಷ್ಟೇ.

ವೇಗವೂ ಜಾಸ್ತಿ ಆಗಿದೆ. ಹಳೇ ತರದ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಹೆಡ್ಡುಗಳೆಲ್ಲ ಒಟ್ಟಿಗೇ ಚಲಿಸುತ್ತವೆ, ಅವೇ ಓದಬೇಕು, ಅವೇ ಬರೆಯಬೇಕು. ಒಟ್ಟಿಗೆ ಎರಡು ಮೂರು ಕಡೆ ಎಳೆದರೆ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಒಂದೊಂದಾಗಿ ಕೊಟ್ಟರೆ ನೆಮ್ಮದಿಯಾಗಿ ಬರೆಯುತ್ತದೆ.

ಬೆಳಗ್ಗೆ ಮೊದಲ ಬಸ್ಸಿಗೆ ಮಂಡ್ಯಕ್ಕೆ ಬಂದು ಇಳಿದರೆ ಕಣ್ಣು ಉರಿಯುತ್ತಿರುತ್ತದೆ. ಕಾರ್ಡ್ ಹಾಕುತ್ತೇನೆ, ಎರಡೂ ಡಿಸ್ಕ್ ಚುಚ್ಚುತ್ತೇನೆ, ಬ್ಯಾಟ್ ಫೈಲ್ ಮೇಲೆ ಎರಡು ಸಲ ಒತ್ತುತ್ತೇನೆ. ಒಳಗೆ ಹೋಗಿ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿಯುತ್ತೇನೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವ ಹೊತ್ತಿಗೆ ಒಂದು ಕಿಟಕಿ ಮುಚ್ಚಿ ಇನ್ನೊಂದು ತೆರೆದಿರುತ್ತದೆ. ಲೋಟ ಹಿಡಿದು ಬಂದು ಕೂತು ಫೈಲುಗಳ ಹೆಸರು ಓಡುವುದನ್ನು ನೋಡುತ್ತೇನೆ. ರಾತ್ರಿ ಕೇಳಿದ ಪದ ಒಂದೊಂದೇ ಮನೆ ಸೇರುತ್ತಿರುವ ಹಾಗೆ ಅನಿಸುತ್ತದೆ. ಡಿಸ್ಕುಗಳಿಗೆ ಮಂಟೇಸ್ವಾಮಿ ಪರಂಪರೆಯ ಜಾತ್ರೆ ನಡೆಯುವ ಕಪ್ಪಡಿ, ಚಿಕ್ಕಲ್ಲೂರಿನ ಹೆಸರಿಟ್ಟಿದ್ದೇನೆ. ದಾರಿ ಬರೆಯುವಾಗ ಡ್ರೈವ್ ಅಕ್ಷರದ ಬದಲು ಈ ಹೆಸರನ್ನೇ ಚೌಕ ಕಂಸದಲ್ಲಿ ಕೊಡಬಹುದು. ಅಕ್ಷರ ಬದಲಾದರೂ ಹುಡುಕಿಕೊಳ್ಳುತ್ತದೆ.

ಮಧ್ಯದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೂ ಅರ್ಧ ಫೈಲ್ ಪೂರ್ತಿ ಫೈಲಿನ ವೇಷದಲ್ಲಿ ಕೂರುವುದಿಲ್ಲ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ನಕಲು ಮಾಡಿ, ಪೂರ್ತಿ ಆದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತದೆ. ಇದು ನನಗೆ ತುಂಬಾ ಇಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಈ ಬ್ಯಾಚ್ ಜಾಬುಗಳನ್ನು ಸಾಲಾಗಿ ಓಡಿಸುವ ಗುಂಡಿ ಒಳಗೇ ಇರಬೇಕಿತ್ತು. ನನ್ನ ಹಾಗೆ ಹಾಡು ದಾಖಲಿಸುವ ಗೆಳೆಯರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಬ್ಯಾಟ್ ಫೈಲ್ ಅಂದ ತಕ್ಷಣ ಅವರು ಹಿಂದೆ ಸರಿಯುತ್ತಾರೆ. ನಾನೇ ಹೋಗಿ ಬರೆದುಕೊಟ್ಟು ಬಂದಿದ್ದೇನೆ. ಪ್ರತಿ ಜಾಬಿನಲ್ಲೂ ಆಟೋ ಕ್ಲೋಸ್‌ಗೆ ಟಿಕ್ ಹಾಕಲೇಬೇಕು. ಇಲ್ಲದಿದ್ದರೆ ಫಲಿತಾಂಶದ ಕಿಟಕಿ ತೆರೆದೇ ಇರುತ್ತದೆ, ಯಾರಾದರೂ ಮುಚ್ಚುವವರೆಗೂ ಮುಂದಿನ ಸಾಲು ಹೊರಡುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಕಾರ್ಡಿನ ಕೆಲಸಕ್ಕೆ ದಯವಿಟ್ಟು ಮಿರರ್ (ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸುವ ಬಗೆ) ಇಡಬೇಡಿ. ಫಾರ್ಮ್ಯಾಟ್ ಆಗಿ ಖಾಲಿಯಾದ ಕಾರ್ಡನ್ನು ಮಿರರ್ ಮಾಡಿದರೆ ಲ್ಯಾಪ್‌ಟಾಪಿನ ಫೋಲ್ಡರೂ ಖಾಲಿಯಾಗುತ್ತದೆ. ಸಾಲಿನಲ್ಲಿ ಮುಂದಿರುವ ಡಿಸ್ಕುಗಳಿಗೂ ಮಿರರ್ ಇದ್ದರೆ ಅಲ್ಲೂ ಅದೇ ಕಥೆ. ಅಪ್‌ಡೇಟ್ ಇಟ್ಟರೆ ಹೊಸದು ಸೇರುತ್ತದೆ, ಇರುವುದು ಅಳಿಯುವುದಿಲ್ಲ. ನಾನು ನಾಲ್ಕಕ್ಕೂ ಅಪ್‌ಡೇಟ್ ಇಟ್ಟಿದ್ದೇನೆ.

ಫೋನನ್ನು ಸಾಲಿನ ಕೊನೆಗೆ ಹಾಕಿರುವುದಕ್ಕೂ ಕಾರಣ ಇದೆ. ಕೇಬಲ್ ಹಾಕಿದಾಗಲೆಲ್ಲ ಫೈಲ್ ಟ್ರಾನ್ಸ್‌ಫರ್‌ಗೆ ಒಪ್ಪಿಗೆ ಕೊಡಬೇಕು. ಅದು ಎಂಟಿಪಿ ಅನ್ನೋ, ಫೋನಿನಿಂದ ಕಂಪ್ಯೂಟರಿಗೆ ಫೈಲ್ ಸಾಗಿಸುವ ದಾರಿಯಲ್ಲಿ ಬರುವುದರಿಂದ ನಿಧಾನ, ಒಮ್ಮೊಮ್ಮೆ ಕೊಂಡಿ ತಪ್ಪುತ್ತದೆ. ಮೊದಲಿಗೇ ಅದನ್ನು ಇಟ್ಟರೆ ಅದು ನಿಂತಾಗ ಪದಗಳೂ ನಿಲ್ಲುತ್ತವೆ. ಕೊನೆಯಲ್ಲಿದ್ದರೆ ಅಷ್ಟು ಹೊತ್ತಿಗೆ ಪದ ಮೂರು ಕಡೆ ಸೇರಿರುತ್ತದೆ.

ದುಡ್ಡಿನ ವಿಷಯ: ಇದು ಉಚಿತ. ದೇಣಿಗೆ ಕೊಟ್ಟವರಿಗೆ ಒಟ್ಟಿಗೆ ಹಲವು ಫೈಲ್ ನಕಲು ಮಾಡುವ ಸೌಲಭ್ಯ ಇರುವ ಆವೃತ್ತಿ ಸಿಗುತ್ತದೆ. ನನಗೆ ಆ ಸೌಲಭ್ಯ ಬೇಕಿಲ್ಲ. ಆದರೂ ಹಳೇ ಸಾಫ್ಟ್‌ವೇರಿನ ಚಂದಾ ನಿಲ್ಲಿಸಿದ ಮೇಲೆ ಉಳಿದ ದುಡ್ಡಿನಲ್ಲಿ ಒಂದು ಪಾಲು ಇವರಿಗೆ ಕಳಿಸಿದೆ. ಉಳಿದಿದ್ದರಲ್ಲಿ ಇನ್ನೊಂದು ಮೆಮೊರಿ ಕಾರ್ಡ್ ತಗೊಂಡೆ. ಶಿವರಾತ್ರಿಗೆ ಕಪ್ಪಡಿ ಜಾತ್ರೆ ಶುರುವಾಗುತ್ತದೆ. ಅಲ್ಲಿ ಕಾವೇರಿ ದಡದಲ್ಲಿ ಒಂದೇ ರಾತ್ರಿ ಎರಡು ಮೂರು ಮೇಳ ಸಿಗುತ್ತವೆ. ಬ್ಯಾಟ್ ಫೈಲಿನಲ್ಲಿ ಆ ಎರಡನೇ ಕಾರ್ಡಿಗೂ ಒಂದು ಜಾಬ್ ಸೇರಿಸಿ ನಿನ್ನೆ ರಾತ್ರಿ ಖಾಲಿ ಫೈಲುಗಳಿಂದ ಓಡಿಸಿ ನೋಡಿದೆ. ಐದೂ ಸಾಲಾಗಿ ಹೋದವು.